ಫಕೀರವ್ವನ ಮುಗಿಯದ ಮಾರ್ಚ್

ಗದಗ,
ಮಾರ್ಚ್ ೪೧೧೮, ೨೧೫೧

ನೂರಮೂವತ್ತು ಚಿಲ್ಲರೆ ವರ್ಷಗಳ ಹಿಂದಿರುವ ಹಿರಿಯರೇ,

ತಾರೀಖು ನೋಡಿ ಯಾರೋ ತಲೆ ಕೆಟ್ಟವರ ಕಾಗದವೆಂದು ಬದಿಗಿಡಬೇಡಿ. ನಿಮ್ಮ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ ಎಂಬುದು ನನಗೆ ಗೊತ್ತು. ನಮ್ಮಲ್ಲೂ ಹೆಚ್ಚಿನ ಜನರ ಮಾರ್ಚ್ ಅಲ್ಲಿಗೇ ಮುಗಿಯುತ್ತದೆ. ಆದರೆ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿ, ಅದು ತಿರಸ್ಕೃತವಾಗಿ, ಆ ತಿರಸ್ಕಾರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರಿಗೆ ಅರ್ಜಿ ಹಾಕಿದ ತಿಂಗಳು ಪ್ರಕರಣ ಇತ್ಯರ್ಥವಾಗುವ ತನಕ ಮುಗಿಯುವಂತಿಲ್ಲ. ಇದನ್ನು ತಂಗುತಿಂಗಳು ಎನ್ನುತ್ತಾರೆ. ನಮ್ಮ ಓಣಿಯ ಫಕೀರವ್ವ ಅರ್ಜಿ ಹಾಕಿದ್ದು ೨೧೫೧ರ ಮಾರ್ಚ್ ಒಂಬತ್ತಕ್ಕೆ. ಪಕ್ಕದ ಮನೆಯವರ ಲೆಕ್ಕದಲ್ಲಿ ಇಂದು ೨೧೬೨ರ ಜೂನ್. ಸರ್ಕಾರದ ಲೆಕ್ಕದಲ್ಲಿ ಅವಳ ಮಾರ್ಚ್ ಕೂಡ ಈಚೆಗೆ ಮುಗಿದಿದೆ, ಹಾಗಾಗಿ ಮೇಲಿನ ತಾರೀಖು ಕಾನೂನಿನ ಪ್ರಕಾರವೂ ತಪ್ಪು. ತಪ್ಪೆಂದು ತಿಳಿದೇ ಬರೆದಿದ್ದೇನೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ನನ್ನ ಕನ್ನಡದಲ್ಲಿ ನಿಮಗೆ ಪರಿಚಯವಿಲ್ಲದ ಮಾತುಗಳು ಬಂದರೆ ಕ್ಷಮಿಸಿ. ಎಪ್ಪತ್ತು ದಾಟಿದ ಪ್ರತಿ ನಾಗರಿಕರಿಗೂ ನಮ್ಮ ಅಂಚೆ ಇಲಾಖೆ ಹಿಂದಿನ ಕಾಲಕ್ಕೆ ಒಂದು ಕಾಗದ ಬರೆಯಲು ಅವಕಾಶ ಕೊಡುತ್ತದೆ. ಇದಕ್ಕೆ ಹಿಂದಂಚೆ ಎಂದು ಹೆಸರು. ಬದುಕಿನಲ್ಲಿ ಒಂದೇ ಸಲ. ಬಹುತೇಕರು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನೂ ಅದಕ್ಕೆಂದೇ ಉಳಿಸಿಕೊಂಡಿದ್ದೆ. ಈಗ ನಿಮಗೆ ಬರೆಯುತ್ತಿದ್ದೇನೆ ಎಂದರೆ ನನ್ನ ಸಿಟ್ಟು ಎಷ್ಟಿದೆ ಎಂದು ನೀವೇ ಅಂದಾಜು ಮಾಡಿಕೊಳ್ಳಿ.

ನನ್ನ ಹೆಸರು ನೀಲಗಂಗಾ ಹುಲಕೋಟಿ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು. ನಮ್ಮ ಗದಗಿನಲ್ಲಿ ಈಗ ಬೇಸಿಗೆಯ ನಾಲ್ಕು ತಿಂಗಳು ಬೀದಿಗಳ ಮೇಲೆ ಈ ಮಾಳಿಗೆಯಿಂದ ಆ ಮಾಳಿಗೆಗೆ ಬಟ್ಟೆ ಕಟ್ಟುತ್ತಾರೆ. ಶಾಲೆ ಬೆಳಿಗ್ಗೆ ಐದಕ್ಕೆ ಶುರುವಾಗಿ ಹತ್ತಕ್ಕೆ ಬಿಡುತ್ತದೆ. ಕಪ್ಪತಗುಡ್ಡದ ಸಾಲಿನಲ್ಲಿ ನಾನೂರು ಗಾಳಿಕಂಬಗಳಿವೆ, ಊರಿನ ಅರ್ಧ ಜನಕ್ಕೆ ಅವೇ ಅನ್ನ. ಸವೆದ ರೆಕ್ಕೆಗಳನ್ನು ಕೆಳಗಿಳಿಸಿ, ಅವುಗಳ ಅಂಚನ್ನು ಕೈಯಲ್ಲಿ ಹಿಡಿಯುವ ನಡುಗುಯಂತ್ರದಿಂದ ಉಜ್ಜಿ ನಯ ಮಾಡಬೇಕು. ಈ ಕೆಲಸ ಮಾಡುವವರಿಗೆ ರೆಕ್ಕೆಉಜ್ಜುವವರು ಎಂದೇ ಹೆಸರು. ಹತ್ತು ವರ್ಷ ಉಜ್ಜಿದರೆ ಬೆರಳ ತುದಿ ಬೆಳ್ಳಗಾಗುತ್ತದೆ. ಹದಿನೈದು ವರ್ಷಕ್ಕೆ ಬಿಸಿ ಯಾವುದು ತಂಪು ಯಾವುದು ಎಂಬುದು ಕೈಗೆ ತಿಳಿಯುವುದಿಲ್ಲ. ಫಕೀರವ್ವ ಹತ್ತೊಂಬತ್ತು ವರ್ಷ ಉಜ್ಜಿದಳು. ಅಷ್ಟರಲ್ಲಿ ಅವಳ ಎರಡೂ ಕೈಗಳ ಬೆರಳುಗಳು ಅರ್ಧ ಮಡಚಿದಂತೆ ನಿಂತುಬಿಟ್ಟವು. ತೆರೆಯುವುದೂ ಇಲ್ಲ, ಪೂರ್ತಿ ಮುಚ್ಚುವುದೂ ಇಲ್ಲ.

ಮಾಸಾಶನ ಮಂಜೂರಾದರೆ ದುಡ್ಡಿನ ಜೊತೆಗೆ ಸರ್ಕಾರದ ಕಡೆಯಿಂದ ಒಬ್ಬ ಸಹಾಯಕಿ ದಿನವೂ ಮನೆಗೆ ಬರುತ್ತಾಳೆ. ಸ್ನಾನ ಮಾಡಿಸುತ್ತಾಳೆ, ಸೀರೆ ಉಡಿಸುತ್ತಾಳೆ, ಉಣಿಸುತ್ತಾಳೆ. ಫಕೀರವ್ವನಿಗೆ ಬೇಕಾಗಿದ್ದದ್ದು ಆ ಸಹಾಯಕಿ. ಅದು ತನಗಾಗಿಯೂ ಅಲ್ಲ, ಮಗಳು ಮಾಳವ್ವನ ಬಿಡುಗಡೆಗಾಗಿ. ಅರ್ಜಿ ಹಾಕಿದಾಗ ಮಾಳವ್ವನಿಗೆ ಹದಿನೇಳು ವರ್ಷ. ಕಾರವಾರದ ಬಂದರಿನ ಹಡಗು ಬೆಸುಗೆ ಶಾಲೆಗೆ ಸೇರಬೇಕೆಂದು ಕುಳಿತಿದ್ದ ಗಟ್ಟಿ ರಟ್ಟೆಯ ಹುಡುಗಿ. ಅರ್ಜಿಯಲ್ಲಿ ಆರೈಕೆ ಮಾಡುವವರ ಹೆಸರು ಎಂಬ ಕಡೆ ಅವಳ ಹೆಸರು ಬಿತ್ತು. ತಂಗುತಿಂಗಳ ನಿಯಮ ಅವಳಿಗೂ ಅಂಟಿಕೊಂಡಿತು.

ಆ ನಿಯಮವನ್ನು ನಿಮಗೆ ವಿವರಿಸಲೇಬೇಕು. ನ್ಯಾಯಾಲಯ ನೋಡುವುದು ಅರ್ಜಿ ತಿರಸ್ಕರಿಸಿದ ದಿನ ಕಡತದಲ್ಲಿ ಏನಿತ್ತೋ ಅದನ್ನು ಮಾತ್ರ. ಆದ್ದರಿಂದ ಅರ್ಜಿದಾರರು ಕಡತದಲ್ಲಿ ಇದ್ದಂತೆಯೇ ಇರಬೇಕಂತೆ. ಜಿಲ್ಲೆ ಬಿಟ್ಟು ಹೋಗುವಂತಿಲ್ಲ. ಬೇರೆ ಕೆಲಸ ಹಿಡಿಯುವಂತಿಲ್ಲ. ಕಡತದಲ್ಲಿ ಬರೆದಿರುವ ಔಷಧಿ ಬಿಟ್ಟು ಹೊಸದನ್ನು ತೆಗೆದುಕೊಳ್ಳುವಂತಿಲ್ಲ, ಏಕೆಂದರೆ ವಾಸಿಯಾಗಿಬಿಟ್ಟರೆ? ಆರೈಕೆ ಮಾಡುವವರು ಮನೆ ಬಿಡುವಂತಿಲ್ಲ, ಮದುವೆಯಾಗಿ ಬೇರೆ ಮನೆಗೆ ಹೋಗುವಂತಿಲ್ಲ. ಪಡಿತರ ಅಂಗಡಿಯ ಯಂತ್ರಕ್ಕೂ ಇದೇ ತಿಂಗಳು. ಅದರ ಪ್ರಕಾರ ಫಕೀರವ್ವನ ಮನೆಗೆ ಹನ್ನೊಂದು ವರ್ಷದಿಂದ ದೀಪಾವಳಿ ಬಂದಿಲ್ಲ, ಹಬ್ಬದ ಸಕ್ಕರೆಯೂ ಬಂದಿಲ್ಲ. ಪ್ರತಿ ಬಾರಿಯೂ ಅಂಗಡಿಯವನು ಕೈ ಮುಗಿದು, “ಯವ್ವಾ, ನಿನ್ನ ಹಬ್ಬ ಇನ್ನೂ ಬಂದಿಲ್ಲ” ಎನ್ನುತ್ತಾನೆ. “ಬಂದಾಗ ಹೇಳಪಾ, ಹೋಳಿಗಿ ಮಾಡಿ ನಿನಗೂ ಕಳಸ್ತೀನಿ” ಎಂದು ಅವಳು ತಿರುಗಿ ಹೇಳುತ್ತಾಳೆ.

ಇದೆಲ್ಲ ಕೆಟ್ಟವರು ಕೂತು ಮಾಡಿದ ಕಾನೂನು ಎಂದು ತಿಳಿಯಬೇಡಿ. ಹಳೆಯ ತೀರ್ಪುಗಳ ಸಂಪುಟಗಳನ್ನು ನಾನು ನಿವೃತ್ತಿಯ ಬಿಡುವಿನಲ್ಲಿ ಒಂದೊಂದಾಗಿ ಓದಿದ್ದೇನೆ. ನಿಮ್ಮ ಕಾಲದಲ್ಲಿ ವೈದ್ಯರು ಮನುಷ್ಯನನ್ನು ನೋಡಿ, ಇಷ್ಟು ಶೇಕಡಾ ವೈಕಲ್ಯ ಎಂದು ಬರೆದು ಕೊಡುತ್ತಿದ್ದರು. ಆಮೇಲಿನ ಕಾಲದಲ್ಲಿ ಯಾರೋ ಪ್ರಶ್ನೆ ಎತ್ತಿದರು: ಚೆನ್ನಾಗಿ ಅಳುವವನಿಗೆ ಹೆಚ್ಚು ಶೇಕಡಾ, ಬಿಗುಮಾನದವನಿಗೆ ಕಡಿಮೆ, ಇದು ನ್ಯಾಯವೇ? ನ್ಯಾಯವಲ್ಲ, ನಿಜ. ಅದಕ್ಕೆ ಪರಿಹಾರವಾಗಿ ನ್ಯಾಯಾಲಯದಲ್ಲಿ ಬಿಳಿ ಪರದೆ ಬಂತು. ಅರ್ಜಿದಾರರು ಅದರ ಹಿಂದೆ ಕೂರುತ್ತಾರೆ. ನ್ಯಾಯಾಧೀಶರ ಕಣ್ಣಿಗೆ ಬೀಳಬಾರದು, ಮಾತನಾಡಬಾರದು. ಅವರ ಪರವಾಗಿ ಕಡತವಾಚಕರು ಇಡೀ ಕಡತವನ್ನು ಗಟ್ಟಿಯಾಗಿ ಓದುತ್ತಾರೆ, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ. ಓದಿದ್ದನ್ನು ಕೇಳಿ ನ್ಯಾಯಾಧೀಶರು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಅರ್ಜಿ ತೀರ್ಮಾನಿಸುವ ಮಾಸಾಶನ ಮಂಡಳಿಯ ತಿರಸ್ಕಾರಕ್ಕೆ ಕಡತದಲ್ಲಿ ಒಂದು ಹಿಡಿ ಆಧಾರ ಇದೆಯೇ? ಒಂದು ಹಿಡಿ ಸಾಕು. ಎದುರಿಗೆ ಒಂದು ಮೂಟೆ ಇದ್ದರೂ ಲೆಕ್ಕಕ್ಕಿಲ್ಲ. ತೀರಾ ಅನುಮಾನ ಬಂದರೆ ಮರಳಿ ಮಂಡಳಿಗೇ ಕಳಿಸಬಹುದು, ಮತ್ತೊಮ್ಮೆ ಯೋಚಿಸಿ ಎಂದು. ಮಾಸಾಶನ ಕೊಡಿ ಎಂದು ಹೇಳುವ ಅಧಿಕಾರ ಆ ನ್ಯಾಯಾಲಯಕ್ಕೆ ಇಲ್ಲ. ಫಕೀರವ್ವನ ಕಡತ ಹೀಗೆ ಏಳು ಬಾರಿ ಮರಳಿತು. ಏಳು ಬಾರಿಯೂ ಮಂಡಳಿ ಅದೇ ಒಂದು ಹಿಡಿ ಆಧಾರವನ್ನು ಎತ್ತಿ ತೋರಿಸಿತು.

ಆ ಒಂದು ಹಿಡಿಯನ್ನು ಕಡತಕ್ಕೆ ಹಾಕಿದವಳು ನಾನು.

ಆಗಿನ್ನೂ ಶಾಲೆಯಲ್ಲಿದ್ದೆ. ಓದು ಬರಹ ಬಾರದವರಿಗೆ ಅರ್ಜಿ ತುಂಬಿ ಕೊಡುವುದು ನಮ್ಮ ಓಣಿಯ ಶಿಕ್ಷಕಿಯರ ವಾಡಿಕೆ. ತುಂಬಿದವರ ಹೆಸರನ್ನು ಅರ್ಜಿಯಲ್ಲಿ ಬರೆಯುವುದಿಲ್ಲ. ಫಕೀರವ್ವ ಮಗಳೊಂದಿಗೆ ಬಂದಳು. ನಾನು ಚಹಾ ಕೊಟ್ಟೆ. ಲೋಟವನ್ನು ಮಾಳವ್ವ ಹಿಡಿದು ತಾಯಿಯ ತುಟಿಗೆ ಇಟ್ಟಳು. ಅರ್ಜಿಯ ಹದಿನಾಲ್ಕನೆಯ ಕಲಮು ಹೀಗಿತ್ತು: ನಿಮ್ಮ ದಿನ ಹೇಗೆ ಸಾಗುತ್ತದೆ, ನಿಮ್ಮದೇ ಮಾತಿನಲ್ಲಿ ಹೇಳಿ.

ಫಕೀರವ್ವ ಬೆನ್ನು ನೆಟ್ಟಗೆ ಮಾಡಿ ಕೂತಳು. “ಬರೀರಿ ಅಕ್ಕೋರ. ಮುಂಜಾನೆದ್ದು ಅಂಗಳ ಕಸ ಹೊಡೀತೀನಿ. ದಿನಾ ರೊಟ್ಟಿ ಬಡೀತೀನಿ.”

ನಾನು ಪೆನ್ನು ಎತ್ತಿ ಅವಳ ಕೈ ನೋಡಿದೆ. ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾಳವ್ವ ಬಾಯಿ ತೆರೆದಳು, “ಯವ್ವಾ...” ಎಂದಳು. “ನೀ ಸುಮ್ಮನಿರು. ದೊಡ್ಡವರು ಮಾತಾಡಾಕತ್ತೀವಿ” ಎಂದಳು ತಾಯಿ.

ನಮ್ಮ ಕಡೆಯ ಹೆಂಗಸು ಪರರ ಮನೆಯಲ್ಲಿ ಕೂತು ನನ್ನ ಕೈಯಲ್ಲಿ ಜೋಳದ ರೊಟ್ಟಿ ಆಗುವುದಿಲ್ಲ ಎಂದು ಹೇಳುವುದು ಎಂಥ ಮಾತು ಎಂದು ನಿಮಗೆ ನಾನು ಹೇಳಬೇಕಿಲ್ಲ. ಗಂಡ ಬಿಟ್ಟುಹೋದದ್ದನ್ನು ಹೇಳಿಯಾಳು, ಹೊಟ್ಟೆಗಿಲ್ಲದ್ದನ್ನು ಹೇಳಿಯಾಳು, ಅದನ್ನು ಹೇಳಲಾರಳು. ಮತ್ತೆ ಕೇಳಿದ್ದರೆ ಅವಳ ಮುಖಕ್ಕೆ ಹೊಡೆದಂತೆ ಆಗುತ್ತಿತ್ತು. ನಾನು ಕೇಳಲಿಲ್ಲ. ದುಂಡಗಿನ ಅಕ್ಷರದಲ್ಲಿ ಬರೆದೆ: ದಿನವೂ ರೊಟ್ಟಿ ಬಡಿಯುತ್ತೇನೆ. ಅದು ಮರ್ಯಾದೆ ಎಂದುಕೊಂಡೆ.

ಎರಡೂ ಅಂಗೈ ಚಾಚಿ ಹಿಟ್ಟನ್ನು ಬಡಿದು ತಿರುಗಿಸಬಲ್ಲವಳಿಗೆ ಕೈಯ ವೈಕಲ್ಯ ಇಲ್ಲ ಎಂದು ಮಂಡಳಿ ಬರೆಯಿತು. ನಾಲ್ವರು ವೈದ್ಯರ ವರದಿಗಳು ಆ ಸಾಲಿನ ಮುಂದೆ ನಿಲ್ಲಲಿಲ್ಲ. ತಿರಸ್ಕಾರವಾದ ಮೇಲೆ ಕಡತಕ್ಕೆ ಒಂದು ಚೂರು ಕಾಗದವನ್ನೂ ಸೇರಿಸುವಂತಿಲ್ಲ, ತಪ್ಪಾಯಿತು ಎಂದು ಹೇಳುವ ಕಾಗದವನ್ನೂ.

ನಿವೃತ್ತಿಯ ನಂತರ ನಾನು ಕಡತವಾಚಕಿಯಾದೆ. ಸ್ಪಷ್ಟ ಉಚ್ಚಾರದ ಹಳೆಯ ಶಿಕ್ಷಕರನ್ನೇ ಅವರು ಹುಡುಕುತ್ತಾರೆ. ನ್ಯಾಯಾಲಯದ ನಾಲ್ಕನೆಯ ಮರುನೋಟದ ಹೊತ್ತಿಗೆ ಚೀಟಿ ಎತ್ತಿದಾಗ ಫಕೀರವ್ವನ ಕಡತ ನನ್ನ ಪಾಲಿಗೆ ಬಂತು. ಆಗಲೇ ಹೇಳಬೇಕಿತ್ತು, ಇದು ನಾನು ತುಂಬಿದ ಅರ್ಜಿ ಎಂದು. ಬೇರೆ ವಾಚಕರು ಬೇಗ ಮುಗಿಸುವ ಆತುರದಲ್ಲಿ ವೈದ್ಯರ ವರದಿಗಳನ್ನು ಗೊಣಗಿಬಿಡುತ್ತಾರೆ, ನಾನಾದರೆ ಚೆನ್ನಾಗಿ ಓದುತ್ತೇನೆ ಎಂದು ಮನಸ್ಸನ್ನು ಒಪ್ಪಿಸಿಕೊಂಡೆ. ಒಮ್ಮೆ ಓದಿದ ಮೇಲೆ ದಾರಿ ಮುಚ್ಚಿತು. ಕಡತಕ್ಕೆ ಸಂಬಂಧಪಟ್ಟವರು ಓದಿದ್ದು ಗೊತ್ತಾದರೆ ಪ್ರಕರಣವೇ ರದ್ದಾಗಿ ಹೊಸ ಅರ್ಜಿ ಹಾಕಬೇಕು. ಐವತ್ತು ದಾಟಿದವರ ಹೊಸ ಅರ್ಜಿಯನ್ನು ಮಂಡಳಿ ಸ್ವೀಕರಿಸುವುದಿಲ್ಲ. ಫಕೀರವ್ವನಿಗೆ ಆಗಲೇ ಐವತ್ತೊಂದು. ಸತ್ಯ ಹೇಳಿದರೆ ಅವಳು ಮುಳುಗುತ್ತಾಳೆ, ಹೇಳದಿದ್ದರೆ ಅಲ್ಲೇ ಇರುತ್ತಾಳೆ. ನಾನು ಓದುತ್ತಲೇ ಹೋದೆ.

ಕಡತಕ್ಕೆ ಇನ್ನೂರ ಹನ್ನೆರಡು ಪುಟ. ಓದಲು ಎರಡು ದಿನ. ನ್ಯಾಯಾಲಯದ ಶಿರಸ್ತೇದಾರ ಇಮಾಮಸಾಬ ನದಾಫರು ನನಗೆ ನೀರು ತಂದಿಡುತ್ತಿದ್ದರು, ಸಜ್ಜನ. ಒಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ನಕ್ಕು ಹೇಳಿದರು: “ಬಾಯಾರ, ಸಿಟ್ಟಾಗಬ್ಯಾಡ್ರಿ. ನೀವು ಆ ರೊಟ್ಟಿ ಸಾಲು ಓದಿದಾಗೊಮ್ಮೆ ನನಗ ಹಸಿವು ಆಗ್ತೈತ್ರಿ.” ನಾನು ನಗಲಿಲ್ಲ. ಅವರು ಮುಖ ಸಣ್ಣದು ಮಾಡಿಕೊಂಡು ಹೋದರು.

ಎಂಟನೆಯ ಮರುನೋಟ ಕಳೆದ ಏಪ್ರಿಲ್‌ನಲ್ಲಿ ನಡೆಯಿತು. ಅಷ್ಟರಲ್ಲಿ ಕಾರವಾರದ ಶಾಲೆ ಮಾಳವ್ವನನ್ನು ಮೂರನೆಯ ಬಾರಿ ಆರಿಸಿತ್ತು. ಇಪ್ಪತ್ತೊಂಬತ್ತು ತುಂಬುವುದರೊಳಗೆ ಸೇರಬೇಕು, ಇದೇ ಕೊನೆ. ಹುಟ್ಟುಹಬ್ಬಕ್ಕೆ ಐದು ವಾರ ಉಳಿದಿತ್ತು. ಮೊದಲ ದಿನ ಮಧ್ಯಾಹ್ನ ನಾನು ಹದಿನಾಲ್ಕನೆಯ ಕಲಮಿಗೆ ಬಂದೆ, ಆ ಸಾಲನ್ನು ಓದಿದೆ. ಪರದೆಯ ಹಿಂದಿನಿಂದ ಮಾತು ಬಂತು.

“ಸುಳ್ಳದು.”

ನದಾಫರು ಗಾಬರಿಯಾಗಿ ಎದ್ದರು. “ಏ ಯವ್ವಾ, ಸುಮ್ನಿರು. ಪರದೆ ಹಿಂದಿನ ಮಾತು ನಮಗ ಕೇಳಸಂಗಿಲ್ಲ.”

“ಕೇಳಸಂಗಿಲ್ಲಂದ್ರ ನೀ ಯಾಕ ಜವಾಬು ಕೊಟ್ಟಿ?”

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಫಕೀರವ್ವ ನಿಲ್ಲಿಸಲಿಲ್ಲ. ಅವಳ ಒಂದೊಂದು ಮಾತೂ ಕೋಣೆಯ ಮೂಲೆಗೆ ಮುಟ್ಟುವಂತಿತ್ತು. “ನಾ ರೊಟ್ಟಿ ಬಡದು ಹನ್ನೆರಡು ವರ್ಸಾತು. ತುತ್ತು ಸೈತ ನನ್ನ ಮಗಳ ಮಾಡಿ ಬಾಯಾಗ ಇಡ್ತಾಳ. ಆವತ್ತು ಬರಕೊಳ್ಳೋರ ಮುಂದ ನಂಗ ನಾಚಿಕಿ ಬಂತು, ಹಂಗಂದೆ. ಇವತ್ತು ಇಷ್ಟು ಮಂದ್ಯಾಗ ಹೇಳಾಕತ್ತೀನಿ. ಇನ್ನೇನು ನಾಚಿಕಿ ಉಳದೈತಿ ನಂದು? ಪರದೆ ತಗೀರಿ, ಕೈ ನೋಡ್ರಿ. ನನ್ನ ಮಗಳ್ನ ಬಿಡ್ರಿ.”

ಬರಕೊಳ್ಳೋರು ಎಂದಳೇ ಹೊರತು ಅವಳು ನನ್ನ ಹೆಸರು ಹೇಳಲಿಲ್ಲ. ಅಂಥ ಹೊತ್ತಿನಲ್ಲೂ ನನ್ನನ್ನು ಕಾಯ್ದಳು. ನಾನು ಅಲ್ಲೇ, ಕಡತ ಹಿಡಿದು, ಅವಳಿಂದ ಎಂಟು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನ್ಯಾಯಾಧೀಶೆ ಗೋಡೆಯತ್ತ ನೋಡುತ್ತಿದ್ದರು. ಕಣ್ಣು ತುಂಬಿತ್ತು, ನಾನು ಕಂಡೆ. “ವಾಚಕರು ಮುಂದುವರಿಯಲಿ” ಎಂದರು.

ನಾನು ಮುಂದಿನ ಸಾಲು ಓದಿದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಹದಿನೆಂಟು ದಿನಗಳ ನಂತರ ಆದೇಶ ಬಂತು. ಆ ನ್ಯಾಯಾಧೀಶೆ ತಮ್ಮ ಕೈಲಾದದ್ದನ್ನು ಮಾಡಿದ್ದರು. ಅರ್ಜಿದಾರರು ಬಡಿಯುವ ರೊಟ್ಟಿಗಳ ಸಂಖ್ಯೆ ಮತ್ತು ಗಾತ್ರವನ್ನು ಮಂಡಳಿ ವಿಚಾರಿಸಿಲ್ಲವಾದ್ದರಿಂದ, ಅದನ್ನು ವಿಚಾರಿಸಿ ಮರಳಿ ತೀರ್ಮಾನಿಸಬೇಕು ಎಂದು ಎಂಟನೆಯ ಬಾರಿ ಕಡತವನ್ನು ಮರಳಿಸಿದರು. ಮಂಡಳಿಗೆ ಅದಕ್ಕೆ ಹದಿನಾಲ್ಕು ತಿಂಗಳ ಅವಧಿ. ಮಾಳವ್ವನಿಗೆ ಉಳಿದಿದ್ದದ್ದು ಎರಡೂವರೆ ವಾರ.

ತಂಗುತಿಂಗಳಿಂದ ಹೊರಬರಲು ಇನ್ನೊಂದು ಬಾಗಿಲಿದೆ. ಅರ್ಜಿಯನ್ನು ತಾನಾಗಿಯೇ ಹಿಂದಕ್ಕೆ ಪಡೆಯಬಹುದು. ಆದರೆ ಆ ಪತ್ರದಲ್ಲಿ ಅರ್ಜಿದಾರರು ತಮ್ಮದೇ ಮಾತಿನಲ್ಲಿ, ನಾನು ಸಮರ್ಥಳು, ನನಗೆ ಯಾರ ಸಹಾಯವೂ ಬೇಕಿಲ್ಲ ಎಂದು ಬರೆದು ಹೆಬ್ಬೆಟ್ಟು ಒತ್ತಬೇಕು. ಹಾಗೆ ಬರೆದವರಿಗೆ ಮುಂದೆಂದೂ ಮಾಸಾಶನವಿಲ್ಲ, ಸಹಾಯಕಿಯೂ ಇಲ್ಲ.

ಮರುದಿನ ಬೆಳಿಗ್ಗೆ ಫಕೀರವ್ವ ಒಬ್ಬಳೇ ನನ್ನ ಮನೆಗೆ ಬಂದಳು. ಆ ಪತ್ರದ ಖಾಲಿ ನಮೂನೆಯನ್ನು ಕಂಕುಳಲ್ಲಿ ಇರುಕಿಕೊಂಡು ತಂದಿದ್ದಳು.

“ಅಕ್ಕೋರ, ಬರೀರಿ.”

“ನನ್ನ ಕೈಲೆ ಆಗೂದಿಲ್ಲ ಫಕೀರವ್ವ. ಇದು ಸುಳ್ಳು.”

“ಮೊದಲಿನ ಸುಳ್ಳು ಬರೆಯೂ ಮುಂದ ನೀವು ಹಿಂಗ ಅನ್ನಲಿಲ್ಲಲ್ಲ.”

“ಆಗ ನನಗ...”

“ಗೊತ್ತಿತ್ತು ನಿಮಗ. ನಾ ಚಾ ಕುಡಿಯೂದು ನೋಡಿದ್ರಿ. ನನ್ನ ಮಾನಕ್ಕ ಬರದ್ರಿ, ನಾ ಏನೂ ಅಂದಿಲ್ಲ. ಈಗ ನನ್ನ ಮಗಳ ಸಲುವಾಗಿ ಬರೀರಿ.”

ಬರೆದೆ. ನನಗೆ ಯಾರ ಸಹಾಯವೂ ಬೇಕಿಲ್ಲ. ಅವಳ ಹೆಬ್ಬೆಟ್ಟು ಕಾಗದದ ಮೇಲೆ ಚಪ್ಪಟೆ ಕೂರಲಿಲ್ಲ. ನಾನು ಎರಡೂ ಕೈಯಿಂದ ಹಿಡಿದು, ಶಾಯಿಗೆ ಅದ್ದಿ, ಒತ್ತಿ ಕೊಟ್ಟೆ. ಸಹಾಯ ಬೇಕಿಲ್ಲ ಎಂಬ ಪತ್ರಕ್ಕೆ ಇನ್ನೊಬ್ಬರು ಒತ್ತಿಸಿದ ಹೆಬ್ಬೆಟ್ಟು. ಮಂಡಳಿಯ ಕಚೇರಿಯಲ್ಲಿ ಅದನ್ನು ಯಾರೂ ಪ್ರಶ್ನಿಸಲಿಲ್ಲ, ಒಂದು ಹಿಡಿ ಆಧಾರವನ್ನೂ ಕೇಳಲಿಲ್ಲ. ಹನ್ನೊಂದು ವರ್ಷ ಎಂಟು ಬಾರಿ ಓಡಾಡಿದ ಕಡತ ನಲವತ್ತು ನಿಮಿಷದಲ್ಲಿ ಮುಗಿಯಿತು. ಅಂಗೀಕಾರದ ರಸೀದಿಯಲ್ಲಿ ಅಂದಿನ ಸರಿಯಾದ ತಾರೀಖು ಹಾಕಿ ಕೊಟ್ಟರು. ಅವರ ಪುಸ್ತಕದಲ್ಲಿ ಆ ಮಾರ್ಚ್ ಮುಗಿದದ್ದು ಹೀಗೆ. ಹೀಗೆ ಮುಗಿದದ್ದನ್ನು ನಾನು ಒಪ್ಪುವುದಿಲ್ಲ, ಅದಕ್ಕೇ ಎಣಿಸುತ್ತಲೇ ಇದ್ದೇನೆ.

ಮಾಳವ್ವನಿಗೆ ವಿಷಯ ತಿಳಿದು ಅವಳು ಕೂಗಾಡಿದಳು. “ಯಾರ್ನ ಕೇಳಿ ಮಾಡಿದಿ? ನಾ ಹೋಗಂಗಿಲ್ಲ, ನಿನ್ನ ಯಾರು ನೋಡ್ಕೋತಾರ?” ಎಂದು ನನ್ನತ್ತಲೂ ಉರಿಗಣ್ಣು ಬಿಟ್ಟಳು. “ಸರ್ಕಾರದಾಗ ಬರದು ಕೊಟ್ಟೀನಿ, ನಾ ಗಟ್ಟಿ ಅದೀನಿ ಅಂತ. ಸರ್ಕಾರಕ್ಕಿಂತ ನಿನಗ ಹೆಚ್ಚಿಗಿ ಗೊತ್ತೇನು?” ಎಂದಳು ಫಕೀರವ್ವ. ಮಗಳಿಗೆ ಅಳುವಿನ ನಡುವೆಯೇ ನಗು ಬಂತು. ಹುಟ್ಟುಹಬ್ಬಕ್ಕೆ ಒಂಬತ್ತು ದಿನ ಇರುವಾಗ ಅವಳು ಕಾರವಾರದ ಬಸ್ಸು ಹತ್ತಿದಳು.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ಕಾಲದಲ್ಲಿ ಇನ್ನೂ ಪರದೆ ಇಲ್ಲ. ಅದನ್ನು ಕಟ್ಟೋಣ ಎಂಬ ಮಾತು ಬರುವಾಗ ಅದು ಕ್ರೂರವಾಗಿ ಕೇಳಿಸುವುದಿಲ್ಲ. ಬಹಳ ಸಮಾನತೆಯ, ಬಹಳ ಅಚ್ಚುಕಟ್ಟಿನ ಮಾತಾಗಿ ಬರುತ್ತದೆ, ವಿದ್ಯಾವಂತರೇ ಅದನ್ನು ತರುತ್ತಾರೆ, ನನ್ನಂಥವರು ತಲೆದೂಗುತ್ತಾರೆ. ಆಗ ಎದ್ದು ನಿಂತು ಬೇಡವೆನ್ನಿ. ತಪ್ಪು ಮಾಡುವ ಕಣ್ಣು, ನೋಡಲೊಲ್ಲದ ಕಣ್ಣಿಗಿಂತ ಮೇಲು. ಮಾಸಾಶನ ಕೊಡು ಎಂದು ಹೇಳಲಾರದ ನ್ಯಾಯಾಲಯವನ್ನು ನ್ಯಾಯಾಲಯ ಎಂದು ಕರೆಯಲು ಬಿಡಬೇಡಿ. ಮತ್ತು ನಿಮ್ಮಲ್ಲಿ ಯಾರಾದರೂ ಬೇರೆಯವರ ಅರ್ಜಿ ತುಂಬಲು ಕೂತರೆ, ಅವರ ಬಾಯಿ ಹೇಳಿದ್ದರ ಕೆಳಗೆ ನಿಮ್ಮ ಕಣ್ಣು ಕಂಡದ್ದನ್ನೂ ಬರೆಯಿರಿ. ಅವರಿಗೆ ಅವಮಾನವಾದೀತು, ನಿಮ್ಮ ಮನೆಗೆ ಮತ್ತೆ ಬರದೆ ಹೋದಾರು. ಆದರೂ ಬರೆಯಿರಿ. ನಾನು ಬರೆಯಲಿಲ್ಲ.

ಇನ್ನು ನಿಲ್ಲಿಸಬೇಕು. ಏಳು ಗಂಟೆಯಾಗುತ್ತಾ ಬಂತು, ಫಕೀರವ್ವ ಕಾಯುತ್ತಿರುತ್ತಾಳೆ. ಮಗಳು ಹೋದಂದಿನಿಂದ ನಾನೇ ಹೋಗಿ ಸ್ನಾನ ಮಾಡಿಸಿ, ತಲೆ ಬಾಚಿ ಬರುತ್ತೇನೆ. ಎಪ್ಪತ್ತೊಂದರ ನನ್ನ ಮೊಣಕಾಲು ಇನ್ನೆಷ್ಟು ದಿನ ಆ ಮೆಟ್ಟಿಲು ಹತ್ತೀತೋ ತಿಳಿಯದು. ಬಾಚಿದ ಮೇಲೆ ಅವಳು ಕಟ್ಟೆಗೆ ಬಂದು ಕೂರುತ್ತಾಳೆ. ಎದುರು ಮನೆಯ ಹೆಂಗಸು ದಿನವೂ, ಜಡೆ ಚೆಂದ ಬಂದಿದೆ, ಯಾರು ಹಾಕಿದ್ದು ಎಂದು ಕೇಳುತ್ತಾಳೆ. ನಾನೇ ಹಾಕಿಕೊಂಡೆ ಎನ್ನುತ್ತಾಳೆ ಫಕೀರವ್ವ. ಪಕ್ಕದಲ್ಲಿ ಬಾಚಣಿಗೆ ಹಿಡಿದು ನಿಂತ ನಾನು ಹೌದೆನ್ನುತ್ತೇನೆ.

ನಿಮ್ಮ,
ನೀಲಗಂಗಾ ಹುಲಕೋಟಿ